ಬರಿಗೈ ಗುರುವಾರ

ರಾಂಗ್‌ಕುಲ್‌ನ ಹೆಂಗಸರು ಮನೆಯಿಂದ ಹೊರಗೆ ಕಾಲಿಟ್ಟರೆ ಬರಿಗೈಯಲ್ಲಿ ಹಿಂದಿರುಗುವವರಲ್ಲ. ನೀರಿಗೆ ಹೋದವಳ ಕೈಯಲ್ಲಿ ಬಕೆಟ್ಟು, ದನ ಹುಡುಕಲು ಹೋದವಳ ಉಡಿಯಲ್ಲಿ ದಾರಿಯುದ್ದಕ್ಕೂ ಆರಿಸಿದ ಒಣ ಸಗಣಿ. ಸಾವಿನ ಮನೆಗೆ ಹೋಗಿ ಅತ್ತು ಬಂದವಳ ಕೈಯಲ್ಲೂ ಬೇಯಿಸಿದ ಮಾಂಸದ ಒಂದು ಗಂಟು ಇದ್ದೇ ಇರುತ್ತದೆ. ಚೀನಾ ಗಡಿಯ ಹತ್ತಿರದ, ಬೆಟ್ಟಗಳ ನಡುವಿನ ಅಂಥ ಊರಿನಲ್ಲಿ ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ, ಐವತ್ತನಾಲ್ಕು ವರ್ಷದ, ಮೂರು ಮೊಮ್ಮಕ್ಕಳ ಅಜ್ಜಿ ಊಲ್ಕನ್, ಸಾರಿ-ಬೆಲ್ ದಿಣ್ಣೆಯಿಂದ ಎರಡೂ ಕೈ ಬೀಸಿಕೊಂಡು ಇಳಿದು ಬಂದದ್ದನ್ನು ಪಕ್ಕದ ಮನೆಯ ಪಾತ್ಮಾ ನೋಡಿಬಿಟ್ಟಳು.

ಪಾತ್ಮಾ ಗೋಡೆಯಾಚೆಯಿಂದಲೇ ವಿಚಾರಿಸಿದಳು, ದನವೇನಾದರೂ ತಪ್ಪಿಸಿಕೊಂಡಿತ್ತೇ ಎಂದು. ಇಲ್ಲವೆಂದಳು ಊಲ್ಕನ್. ಮಗನಿಗೆ ಫೋನು ಮಾಡಲು ಸಿಗ್ನಲ್ ಹುಡುಕಿಕೊಂಡು ಹೋಗಿದ್ದಳೇ? ಅದೂ ಅಲ್ಲ. ಹಾಗಾದರೆ ಅಲ್ಲಿ ಮೇಲೆ ಏನಿತ್ತು?

"ಏನಿಲ್ಲ," ಅಂದಳು ಊಲ್ಕನ್. "ಹೋದೆ, ಕೂತೆ, ಬಂದೆ."

ಸಂಜೆಯ ಚಹಾದ ಹೊತ್ತಿಗೆ ಈ ಮಾತು ಉಪ್ಪುಕೆರೆಯ ದಂಡೆಯ ಕೊನೆಯ ಮನೆಯವರೆಗೂ ಹೋಗಿ, ಬಾಲ ಕೋಡು ಬೆಳೆಸಿಕೊಂಡು ವಾಪಸು ಬಂದಿತ್ತು.

ಊಲ್ಕನ್ ಮೈಗಳ್ಳಿ ಎಂದು ಅವಳ ಶತ್ರುವೂ ಹೇಳಲಾರ. ಹುಟ್ಟಿದ್ದು ಚಮರಿ ಮೇಯಿಸುವವರ ಡೇರೆಯಲ್ಲಿ, ಮದುವೆಯಾದದ್ದು ಹತ್ತೊಂಬತ್ತಕ್ಕೆ, ಹೆತ್ತದ್ದು ನಾಲ್ಕು. ದೇಶದೊಳಗಿನ ಯುದ್ಧದ ವರ್ಷಗಳಲ್ಲಿ ರಸ್ತೆ ಮುಚ್ಚಿ, ಓಶ್ ಪಟ್ಟಣದ ಕಡೆಯಿಂದ ಬರುತ್ತಿದ್ದ ಕಲ್ಲಿದ್ದಲಿನ ಲಾರಿಗಳು ನಿಂತುಹೋದಾಗ ಇಡೀ ಊರು ಒಲೆ ಉರಿಸಲು ತೆರೆಸ್ಕೆನ್ ಪೊದೆಗೆ ಬಿದ್ದಿತು. ಮೊಣಕಾಲೆತ್ತರದ ಕುರುಚಲು ಪೊದೆ ಅದು. ಸೌದೆ ಇರುವುದು ಬೇರಿನಲ್ಲಿ, ಆ ಬೇರು ಇರುವುದು ಕಲ್ಲಿನಂಥ ನೆಲದಲ್ಲಿ. ಮೊದಲ ವರ್ಷ ಮನೆಯ ಹಿಂದೆಯೇ ಸಿಕ್ಕಿತು, ಮರುವರ್ಷ ಒಂದು ಗಂಟೆಯ ದಾರಿ, ಆಮೇಲೆ ಮೂರು ಗಂಟೆ. ಊಲ್ಕನ್ ಗುದ್ದಲಿ ಹಿಡಿದು ಅಗೆದು, ಹಗ್ಗ ಬಿಗಿದು, ಬೆನ್ನ ಮೇಲೆ ಹೊತ್ತು ತಂದಳು. ಮೂರನೆಯದು ಹೊಟ್ಟೆಯಲ್ಲಿದ್ದಾಗಲೂ ಹೊತ್ತಳು. ಹಗ್ಗ ಕೂತ ಜಾಗ ಎರಡೂ ಹೆಗಲ ಮೇಲೆ ಇವತ್ತಿಗೂ ಕಪ್ಪಗಿದೆ. ಸಾರಿ-ಬೆಲ್ ದಿಣ್ಣೆಯನ್ನು ಅವಳು ನೂರು ಸಲವಾದರೂ ಹತ್ತಿ ಇಳಿದಿರಬೇಕು. ಹೊರೆ ಹೊತ್ತವಳಿಗೆ ಕಾಣುವುದು ತನ್ನ ಬೂಟಿನ ತುದಿಯಷ್ಟೇ.

ರಸ್ತೆ ತೆರೆದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ, ಸೊಸೆ ಮಹಾಬತ್ ಮನೆಯ ಎರಡು ಕೋಣೆಗಳಿಗೆ ಸುಣ್ಣ ಬಳಿದು ಪರದೇಶಿ ಅತಿಥಿಗಳನ್ನು ಇಳಿಸಿಕೊಳ್ಳಲು ಶುರು ಮಾಡಿದಳು. ಬೇಸಿಗೆಯಲ್ಲಿ ಸೈಕಲ್ಲಿನವರು ಬರುತ್ತಿದ್ದರು, ಬೆನ್ನುಚೀಲದವರು ಬರುತ್ತಿದ್ದರು. ಊಲ್ಕನ್ ಅವರಿಗೆ ಉಪ್ಪು ಹಾಕಿದ ಹಾಲಿನ ಚಹಾ ಕಾಸಿ ಕೊಟ್ಟಳು, ಹಾಸಿಗೆ ಝಾಡಿಸಿದಳು. ಬೆಳಿಗ್ಗೆ ಎದ್ದು ಬೆಟ್ಟಕ್ಕೆ ಹೋಗಿ ಸಂಜೆ ಮೂಗು ಸುಟ್ಟುಕೊಂಡು ಬರುವ ಈ ಜನರನ್ನು ನೋಡಿ ಎಲ್ಲರ ಜೊತೆ ತಾನೂ ನಕ್ಕಳು. ಅವರ ಊರುಗಳಲ್ಲಿ ಮಾಡಲು ಕೆಲಸವಿಲ್ಲ, ಅದಕ್ಕೇ ಹೀಗೆ ಅಲೆಯುತ್ತಾರೆ ಎಂಬುದು ರಾಂಗ್‌ಕುಲ್‌ನ ತೀರ್ಮಾನವಾಗಿತ್ತು.

ಆ ವರ್ಷ ಜುಲೈನಲ್ಲಿ ಒಬ್ಬ ಬಿಳಿ ಕೂದಲಿನ ಹೆಂಗಸು ಒಬ್ಬಳೇ ಬಂದು ಎರಡು ರಾತ್ರಿ ಉಳಿದಳು. ಅರವತ್ತೆಂಟು ವರ್ಷವಂತೆ. ಸಾರಿ-ಬೆಲ್ ಹತ್ತಿ ಬಂದು, ಬೂಟು ಬಿಚ್ಚಿ, ಹೊಸ್ತಿಲ ಮೇಲೆ ಕಾಲು ಚಾಚಿ ಕೂತಾಗ ಅವಳ ಮುಖದ ಮೇಲೆ ಇದ್ದದ್ದನ್ನು ಊಲ್ಕನ್ ತುಂಬಾ ಹೊತ್ತು ನೋಡಿದಳು. ಅಲ್ಲಿ ಮೇಲೆ ಏನು ಸಿಕ್ಕಿತು ಕೇಳು ಎಂದು ಸೊಸೆಗೆ ಹೇಳಿದಳು.

ಮಹಾಬತ್ ಕೇಳಿ, ಉತ್ತರ ತಂದಳು. "ಏನೂ ಸಿಗಲಿಲ್ವಂತೆ ಆಪಾ. ಚೆನ್ನಾಗಿತ್ತಂತೆ."

ಅಂದು ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನಕ್ಕರು. ಆ ಹೆಂಗಸು ಹೋದಳು. ಮಾತು ಮಾತ್ರ ಹಲ್ಲಿನ ಸಂದಿಯ ಮಾಂಸದ ಎಳೆಯಂತೆ ಊಲ್ಕನ್‌ಗೆ ಸಿಕ್ಕಿಕೊಂಡು ಕೂತಿತು.

ಆಗಸ್ಟಿನ ಕೊನೆಯಲ್ಲಿ ಒಂದು ಕರು ತಪ್ಪಿಸಿಕೊಂಡಿತು. ಹುಡುಕಲು ಹೋದ ಊಲ್ಕನ್‌ಗೆ ಅದು ಅರ್ಧ ಗಂಟೆಯಲ್ಲೇ ಸಾರಿ-ಬೆಲ್‌ನ ನೆತ್ತಿಯ ಕೆಳಗೆ ಸಿಕ್ಕಿತು. ಅದರ ಕೊರಳಿಗೆ ಹಗ್ಗ ಹಾಕಿ, ಹಗ್ಗದ ತುದಿಯನ್ನು ಕಾಲಡಿ ಒತ್ತಿ, ಉಸಿರು ತೆಗೆದುಕೊಳ್ಳಲೆಂದು ಒಂದು ಕಲ್ಲಿನ ಮೇಲೆ ಕೂತಳು. ಕೆಳಗೆ ಉಪ್ಪುಕೆರೆ ಬೆಳ್ಳಗೆ ಬಿದ್ದುಕೊಂಡಿತ್ತು, ಅದರಾಚೆ ಮರಳು, ಮರಳಿನಾಚೆ ಚೀನಾ ಕಡೆಯ ಹಿಮದ ಶಿಖರ. ಗಾಳಿ ಮರಳನ್ನು ಎತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತಿತ್ತು, ಆಮೇಲೆ ಬೇಸರವಾದಂತೆ ಬಿಟ್ಟುಬಿಡುತ್ತಿತ್ತು. ಊಲ್ಕನ್ ಎರಡು ಗಂಟೆ ಕೂತಳು. ಎರಡು ಗಂಟೆಯಾಯಿತೆಂದು ಗೊತ್ತಾದದ್ದು ಹಗ್ಗದ ಮೇಲಿದ್ದ ಕಾಲು ಜೋಮು ಹಿಡಿದಾಗ.

ಮನೆಗೆ ಬಂದು, ಕರು ಬಹಳ ದೂರ ಹೋಗಿತ್ತು, ಸಿಗುವುದು ಕಷ್ಟವಾಯಿತು ಎಂದು ಗಂಡ ತಾಶ್‌ಮತ್‌ಗೆ ಹೇಳಿದಳು. ಅವನು ಲಾರಿಯ ಎಂಜಿನ್ನಿನೊಳಗೆ ತಲೆ ಹಾಕಿಕೊಂಡೇ ಹೂಂಗುಟ್ಟಿದ. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಕೂತು ಬಂದದ್ದಕ್ಕೆ ಸುಳ್ಳು ಹೇಳಬೇಕಾಯಿತಲ್ಲ ಎಂಬುದು ಊಲ್ಕನ್‌ಳನ್ನು ವಾರವಿಡೀ ಕೊರೆಯಿತು. ಕಳ್ಳತನ ಮಾಡಿಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಎಲ್ಲರ ಮುಂದೆಯೇ ಹೇಳಿದಳು, ತಾನು ದಿಣ್ಣೆಗೆ ಹೋಗುತ್ತಿದ್ದೇನೆ, ಕೆಲಸವೇನೂ ಇಲ್ಲ, ಸುಮ್ಮನೆ ಎಂದು.

ತಾಶ್‌ಮತ್ ಚಹಾದ ಬಟ್ಟಲು ಕೆಳಗಿಟ್ಟ. ಒಳ್ಳೆಯ ಮನುಷ್ಯ, ಜಗಳ ಅವನಿಗೆ ಬರುವುದಿಲ್ಲ. ಎದ್ದು ಹೋಗಿ ಮೂಲೆಯಿಂದ ಗೋಣಿಚೀಲ ತಂದು ಅವಳ ಮುಂದೆ ಚಾಚಿದ.

"ಹಾಗಾದ್ರೆ ಇದನ್ನಾದ್ರೂ ತಗೊಂಡು ಹೋಗು ಮುದುಕಿ. ಹೋಗಿದ್ದಕ್ಕೆ ಅಷ್ಟು ಸಗಣಿಯಾದ್ರೂ ಆಗುತ್ತೆ."

ಅವಳು ಚೀಲವನ್ನು ಮಡಚಿ ಅವನ ಪಕ್ಕದಲ್ಲೇ ಇಟ್ಟು ಹೊರಟಳು. ಪಾತ್ಮಾ ನೋಡಿದ್ದು ಅವತ್ತೇ.

ಆಮೇಲೆ ಪ್ರತಿ ಗುರುವಾರ ಹೋದಳು. ಊರಿನವರು ಮೊದಮೊದಲು ಕಾರಣ ಹುಡುಕಿ ಕೊಟ್ಟರು. ಯಾರೋ ಅವಳಿಗೆ ತಲೆ ಕೆಟ್ಟಿದೆಯೆಂದರು. ಮೇಲೆ ಹೂತಿಟ್ಟ ಹಳೆಯ ಚಿನ್ನದ ಜಾಗ ಗೊತ್ತಾಗಿದೆ ಎಂದು ಇನ್ನೊಬ್ಬರು. ದಿಣ್ಣೆಯಾಚೆ ಕುರಿ ಕಾಯುವ ವಿಧುರನೊಬ್ಬನಿದ್ದಾನಲ್ಲ ಎಂದು ಪಾತ್ಮಾ ಬಾವಿಯ ಹತ್ತಿರ ಹೇಳಿದಳು. ಆ ವಿಧುರನಿಗೆ ಎಪ್ಪತ್ತೊಂಬತ್ತು, ಒಂದು ಕಣ್ಣು ಕಾಣದು. ಮುಲ್ಲಾ ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಬಂದು, ಚಹಾ ಕುಡಿದು, ಇಳಿಜಾರಿನಲ್ಲಿ ಒಬ್ಬ ಸಂತನ ಗೋರಿ ಇರುವುದನ್ನು ನೆನಪಿಸಿದರು. ಅಲ್ಲಿಗೆ ಹೋಗಿ ಬರುತ್ತೇನೆ ಎಂದುಬಿಟ್ಟರೆ ಯಾರೂ ತುಟಿಪಿಟಕ್ಕೆನ್ನುವುದಿಲ್ಲ ಎಂದರು.

"ನಾನು ಗೋರಿ ದಾಟಿ ಮೇಲೆ ಹೋಗ್ತೀನಿ ಮುಲ್ಲಾ," ಅಂದಳು ಊಲ್ಕನ್. "ದಾಟೋವಾಗ ಸಲಾಮು ಹೇಳ್ತೀನಿ. ಆದ್ರೆ ಹೋಗೋದು ಅದಕ್ಕಲ್ಲ. ಸಂತನ ಹೆಸರಲ್ಲಿ ಸುಳ್ಳು ಹೇಳು ಅಂತೀರಾ?"

ಮುಲ್ಲಾ ಇನ್ನೊಂದು ಬಟ್ಟಲು ಚಹಾ ಕುಡಿದು, ಹವಾಮಾನದ ವಿಷಯ ಮಾತಾಡಿ ಎದ್ದು ಹೋದರು.

ತಾಶ್‌ಮತ್‌ನ ಅಣ್ಣ ಎರ್ಗೆಶ್ ಅಷ್ಟು ಸುಲಭದ ಆಸಾಮಿಯಲ್ಲ. ಊರಿನ ಮದುವೆ, ಸಾವು, ಜಗಳ ಯಾವುದಿದ್ದರೂ ಅವನ ಮಾತಿಲ್ಲದೆ ಮುಗಿಯುವುದಿಲ್ಲ. ತಮ್ಮನ ಮನೆ ಎಂದರೆ ಅವನ ಮನೆಯೇ. ಅಕ್ಟೋಬರಿನಲ್ಲಿ ಒಂದು ದಿನ ಬಂದು ಬಾಗಿಲಿಗೆದುರಾದ ಹಿರಿಯರ ಜಾಗದಲ್ಲಿ ಕೂತು, ಚಹಾ ಮುಟ್ಟದೆಯೇ ಮಾತು ತೆಗೆದ. ಗುರುವಾರ ಎಣ್ಣೆ ಕಾಯಿಸಿ ಹಿಟ್ಟಿನ ಬೋರ್ಸೋಕ್ ತುಂಡುಗಳನ್ನು ಕರಿದು, ಆ ವಾಸನೆಯನ್ನು ಮನೆಯ ಸತ್ತವರಿಗೆ ಮುಟ್ಟಿಸುವ ದಿನ. ಅಂಥ ದಿನವೇ ಮನೆಯ ಹೆಂಗಸು ಗುಡ್ಡ ಸುತ್ತುವುದೇ ಎಂದು ಕೇಳಿದ.

ಕರಿದೇ ಹೋಗುತ್ತೇನೆ ಎಂದಳು ಊಲ್ಕನ್. ಬೆಳಕು ಹರಿಯುವ ಮೊದಲೇ ಎಣ್ಣೆ ಕಾಯಿಸುತ್ತೇನೆ, ಈ ಮನೆಯ ಸತ್ತವರು ಬದುಕಿದ್ದಾಗಲೂ ಬೇಗ ಏಳುತ್ತಿದ್ದವರೇ. ಒಳಗೆ ಮಹಾಬತ್ ಕೆಮ್ಮಿದಳು. ಎರ್ಗೆಶ್ ಮುಖ ಬಿಗಿದುಕೊಂಡ. ಆದರೂ ಅವನು ಊರಿನ ರಾಜಿಪಂಚಾಯ್ತಿಗಳಲ್ಲಿ ಪಳಗಿದವನು, ದಾರಿಯೊಂದನ್ನು ತೆರೆದಿಟ್ಟ.

"ನೋಡು ಊಲ್ಕನ್, ನಿನ್ನನ್ನ ಕಟ್ಟಿಹಾಕು ಅಂತ ನಾನು ಹೇಳ್ತಿಲ್ಲ. ಹೋಗು. ಬರೋವಾಗ ಒಂದು ಮಡಿಲು ಸಗಣಿ ಆರಿಸ್ಕೊಂಡು ಬಾ. ಇಲ್ಲಾ ಮಂಡಿನೋವಿಗೆ ಅಂತ ನಾಲ್ಕು ಎಸಳು ಸೊಪ್ಪು ಕಿತ್ಕೊಂಡು ಬಾ. ನೋಡೋರ ಕಣ್ಣಿಗೆ ಅಷ್ಟು ಸಾಕು."

"ಬಾಯ್ಕೆ, ನಿಮ್ಮ ಮನೆಗೆ ಬಂದು ಮೂವತ್ತೈದು ವರ್ಷ ಆಯ್ತು," ಅಂದಳು ಊಲ್ಕನ್. ಬಾಯ್ಕೆ ಎಂದು ಕರೆಯಬೇಕಾದ ಗಂಡನ ಅಣ್ಣನ ಮುಂದೆ ದನಿ ಎತ್ತಬಾರದು, ಅವಳು ಎತ್ತಲಿಲ್ಲ. "ಎಷ್ಟು ತಂದಿದೀನಿ ಅಂತ ನನ್ನ ಹೆಗಲು ಹೇಳುತ್ತೆ. ವಾರದಲ್ಲಿ ಆರು ದಿನ ಈಗಲೂ ತರ್ತೀನಿ. ಗುರುವಾರ ಮಾತ್ರ ತರಲ್ಲ. ಒಂದು ಎಸಳೂ ತರಲ್ಲ."

"ಯಾಕೆ ಅಂತ ಕೇಳ್ತಿದೀನಿ."

"ತಂದ್ರೆ ಅದೂ ಕೆಲಸ ಆಗುತ್ತೆ."

ಎರ್ಗೆಶ್ ತಮ್ಮನ ಕಡೆ ನೋಡಿದ. ತಾಶ್‌ಮತ್ ತನ್ನ ಉಗುರಿನೊಳಗಿನ ಗ್ರೀಸು ನೋಡಿಕೊಳ್ಳುತ್ತಿದ್ದ.

ಮರು ಗುರುವಾರವೇ ಎರ್ಗೆಶ್‌ನ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಔತಣ. ಬೇರೆ ದಿನ ಇಟ್ಟುಕೊಳ್ಳಬಹುದಿತ್ತು, ಬೇಕೆಂದೇ ಇಟ್ಟ ಎಂದು ಓರಗಿತ್ತಿಯೇ ಆಮೇಲೆ ಯಾರ ಹತ್ತಿರವೋ ಒಪ್ಪಿಕೊಂಡಳು. ಊಲ್ಕನ್ ಬುಧವಾರ ಇಡೀ ದಿನ ಅಲ್ಲಿ ಹಿಟ್ಟು ನಾದಿದಳು, ಗುರುವಾರ ಮಸುಕಿನಲ್ಲಿ ಹೋಗಿ ಇಬ್ಬರು ಹೆಂಗಸರ ಪಾಲಿನ ಬೋರ್ಸೋಕ್ ಕರಿದಳು, ಮಾಂಸದ ಹಂಡೆಗೆ ನೀರು ತುಂಬಿಸಿದಳು. ಸೂರ್ಯ ದಿಣ್ಣೆಯ ಮೇಲೆ ಬಂದಾಗ ಕೈ ತೊಳೆದು, ಓರಗಿತ್ತಿಗೆ ಹೇಳಿ, ಅತಿಥಿಗಳು ಊಟಕ್ಕೆ ಕೂರುವ ಹೊತ್ತಿಗೆ ಬರುತ್ತೇನೆಂದು ಹೊರಟಳು. ಅಂಗಳದಲ್ಲಿ ಕುದುರೆ ಕಟ್ಟುತ್ತಿದ್ದ ಗಂಡಸರೆಲ್ಲ ನೋಡಿದರು. ಎರ್ಗೆಶ್ ತಮ್ಮನ ಕೈಗೆ ಕುದುರೆಯ ಲಗಾಮು ಕೊಟ್ಟು, ಹೋಗಿ ಕರೆದುಕೊಂಡು ಬಾ ಎಂದ.

ತಾಶ್‌ಮತ್ ಹೋದ. ನೆತ್ತಿಯ ಮೇಲೆ ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು ಹೆಂಡತಿ. ಅವನು ಕುದುರೆಯಿಂದ ಇಳಿಯದೆ ವಿಷಯ ಹೇಳಿದ: ಅಣ್ಣ ಕರೆಯುತ್ತಿದ್ದಾನೆ, ಎಲ್ಲರೂ ನೋಡುತ್ತಿದ್ದಾರೆ, ಇಳಿದುಬಿಡೋಣ.

"ಇನ್ನೊಂದು ಗಂಟೆ ಇದೆ ನನಗೆ," ಅಂದಳು. "ಆಮೇಲೆ ನಾನೇ ಬರ್ತೀನಿ. ಎಳ್ಕೊಂಡು ಹೋಗೋ ಹಾಗಿದ್ರೆ ಎಳ್ಕೊಂಡು ಹೋಗು, ಕುದುರೆ ಇದೆಯಲ್ಲ."

ತಾಶ್‌ಮತ್ ಕುದುರೆಯ ಕೊರಳು ಸವರಿದ. ಅವಳ ಬೆನ್ನು ನೋಡಿದ, ಅವಳು ನೋಡುತ್ತಿದ್ದ ಕಡೆ ಒಂದು ಸಲ ನೋಡಿದ. ಅವನಿಗೆ ಅಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಇವಳನ್ನು ಹಗ್ಗ ಹಾಕಿದ ಕರುವಿನಂತೆ ಎಲ್ಲರ ಕಣ್ಣೆದುರು ಅಂಗಳಕ್ಕೆ ಕರೆದುಕೊಂಡು ಹೋಗುವ ಚಿತ್ರ ಅಣ್ಣನ ಸಿಟ್ಟಿಗಿಂತ ಕೆಟ್ಟದಾಗಿ ಕಂಡಿತು. ಕುದುರೆ ತಿರುಗಿಸಿ ಇಳಿದ. ಅಂಗಳದಲ್ಲಿ ಲಗಾಮನ್ನು ಅಣ್ಣನ ಕೈಗೆ ವಾಪಸು ಕೊಟ್ಟು, "ಬರಲ್ಲ ಅಂದಳು. ಗಂಟೆ ಬಿಟ್ಟು ಬರ್ತಾಳೆ," ಎಂದಷ್ಟೇ ಹೇಳಿ ಚಹಾ ಕುಡಿಯಲು ಕೂತ. ಯಾರೋ ನಕ್ಕರು. ಅವನ ಕಿವಿ ಕೆಂಪಾಯಿತು, ಆದರೆ ಬಟ್ಟಲು ಕೈಬಿಡಲಿಲ್ಲ.

ಊಲ್ಕನ್ ಹೇಳಿದ ಹೊತ್ತಿಗೆ ಬಂದು, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದಳು. ಎರ್ಗೆಶ್ ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟ. ಚಳಿಗಾಲಕ್ಕೆಂದು ಕುದುರೆ ಕಡಿದಾಗ ಪ್ರತಿವರ್ಷ ತಮ್ಮನ ಮನೆಗೆ ಬರುತ್ತಿದ್ದ ಪಾಲು ಆ ವರ್ಷ ಬರಲಿಲ್ಲ.

ನವೆಂಬರಿನ ಮೊದಲ ವಾರ ನಡೆದದ್ದು ಎಲ್ಲರಿಗೂ ಅನುಕೂಲವಾಯಿತು. ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಊಲ್ಕನ್ ಹತ್ತು ಮಾರು ಜಾರಿದಳು. ಎಡಗಾಲಿನ ಹರಡಿನಲ್ಲಿ ಏನೋ ಕಟಕ್ಕೆಂದಿತು. ಕೂಗಿದರೆ ಕೇಳುವವರಿಲ್ಲ. ತಲೆವಸ್ತ್ರ ಬಿಚ್ಚಿ ಪಾದಕ್ಕೆ ಬಿಗಿದು, ಒಂದಷ್ಟು ದೂರ ಕುಂಟಿ, ಒಂದಷ್ಟು ದೂರ ಅಂಡಿನ ಮೇಲೆ ತೆವಳಿ, ಸೂರ್ಯ ಮುಳುಗುವ ಹೊತ್ತಿಗೆ ಗೋರಿಯ ಹತ್ತಿರ ಬಂದಳು. ಅಲ್ಲಿ ಪಾತ್ಮಾಳ ಕಣ್ಣಿಗೆ ಬಿದ್ದಳು. ದಿನವಿಡೀ ದಿಣ್ಣೆಯ ಕಡೆಗೇ ಕಣ್ಣಿಟ್ಟಿದ್ದವಳು ಅವಳೊಬ್ಬಳೇ. ಪಾತ್ಮಾ ಓಡಿಹೋಗಿ ತಾಶ್‌ಮತ್‌ಗೆ ಹೇಳಿದಳು, ಅವನು ಮೋಟಾರುಸೈಕಲ್ಲು ತಂದ. ಮೂಳೆ ಬಿರುಕು ಬಿಟ್ಟಿತ್ತು. ಮುರ್ಗಾಬ್ ಪಟ್ಟಣದ ವೈದ್ಯರು ಪಟ್ಟಿ ಹಾಕಿ, ಎರಡು ತಿಂಗಳು ಏಳಕೂಡದು ಎಂದರು.

ಊರು ಸಾಲುಗಟ್ಟಿ ನೋಡಲು ಬಂತು. ಬಂದವರೆಲ್ಲ ಎಲುಬಿನ ಸಾರು ತಂದರು, ಜೊತೆಗೆ ತಾವು ಮೊದಲೇ ಹೇಳಿದ್ದೆವು ಎಂಬುದನ್ನೂ ತಂದರು. ಊಲ್ಕನ್ ಸಾರು ಕುಡಿದಳು. ನಾಲ್ಕನೆಯ ದಿನ ಎರ್ಗೆಶ್ ಬಂದ; ಹಿಂದೆ ಓರಗಿತ್ತಿ, ಮುಲ್ಲಾ, ಇನ್ನಿಬ್ಬರು ಹಿರಿಯರು. ಪಾತ್ಮಾ ಮೊದಲೇ ಬಂದು ಒಲೆಯ ಹತ್ತಿರ ಜಾಗ ಹಿಡಿದಿದ್ದಳು. ಎರ್ಗೆಶ್ ಕೈಯೆತ್ತಿ ದುವಾ ಮಾಡಿದ, ದೇವರು ದೊಡ್ಡದರಲ್ಲಿ ಹೋಗುವುದನ್ನು ಸಣ್ಣದರಲ್ಲಿ ಕಳೆದ ಎಂದ. ಆಮೇಲೆ ಮೂರು ವಾರಗಳ ಮೌನವನ್ನು ಮುರಿದು ನೇರವಾಗಿ ಅವಳಿಗೇ ಹೇಳಿದ:

"ಆಗಿದ್ದು ಆಯ್ತು. ಇನ್ನು ಹೋಗಲ್ಲ ಅಂತ ಇಷ್ಟು ಜನರ ಮುಂದೆ ಒಂದು ಮಾತು ಹೇಳಿಬಿಡು. ನಾನೂ ಮರೀತೀನಿ. ನಾಳೆ ನಿಮ್ಮ ಪಾಲಿನ ಮಾಂಸ ಕಳಿಸ್ತೀನಿ."

ಒಲೆಯೊಳಗೆ ಸಗಣಿ ಬೂದಿಯಾಗುತ್ತಿತ್ತು. ಎಲ್ಲರೂ ಅವಳ ಬಾಯಿ ನೋಡಿದರು. ಕಾಲು ಹಗಲೂ ರಾತ್ರಿ ಸಿಡಿಯುತ್ತಿತ್ತು, ಮಾಂಸದ ಪಾಲಿಲ್ಲದ ಚಳಿಗಾಲ ಎಷ್ಟು ಉದ್ದವೆಂದು ಅವಳಿಗೆ ಗೊತ್ತಿತ್ತು, ಗಂಡನ ಮುಖ ನೋಡಲು ಧೈರ್ಯವಾಗಲಿಲ್ಲ. ಒಂದು ಮಾತು ಹೇಳಿದರೆ ಎಲ್ಲ ಸಲೀಸು. ಅವಳು ದಿಂಬಿಗೆ ಒರಗಿ ಸ್ವಲ್ಪ ನೆಟ್ಟಗೆ ಕೂತಳು.

"ಎರಡು ತಿಂಗಳು ಅಂದಿದಾರೆ ವೈದ್ಯರು. ಆಮೇಲೆ ಹಿಮ ಇರುತ್ತೆ. ಹಿಮ ಕರಗಿದ ಮೊದಲನೇ ಗುರುವಾರ ಹೋಗ್ತೀನಿ ಬಾಯ್ಕೆ. ಈಗ ಚಹಾ ತಗೊಳ್ಳಿ, ಆರಿಹೋಗುತ್ತೆ."

ಎರ್ಗೆಶ್ ತಗೊಳ್ಳಲಿಲ್ಲ, ಎದ್ದ. ಅವನ ಹಿಂದೆ ಉಳಿದವರೂ ಎದ್ದರು. ಅವರು ಹೋದ ಮೇಲೆ ತಾಶ್‌ಮತ್ ಅಣ್ಣನ ಬಟ್ಟಲಿನ ಚಹಾವನ್ನು ತಾನೇ ಕುಡಿದು, ಈ ಸಲ ನಮ್ಮದೇ ಒಂದು ಕುರಿ ಕಡಿದರಾಯಿತು ಎಂದ.

ಆ ಚಳಿಗಾಲ ಎಂದೂ ಇಲ್ಲದಷ್ಟು ಉದ್ದವಾಗಿತ್ತು. ಜನವರಿಯಲ್ಲಿ ಊಲ್ಕನ್ ಕೋಣೆಯೊಳಗೆ ಗೋಡೆ ಹಿಡಿದು ನಡೆದಳು, ಫೆಬ್ರವರಿಯಲ್ಲಿ ಅಂಗಳಕ್ಕೆ ಬಂದಳು. ಆರು ದಿನದ ಕೆಲಸಕ್ಕೆ ಮೊದಲು ಮರಳಿದಳು, ಯಾಕೆಂದರೆ ಅದರಲ್ಲಿ ಸೋತರೆ ಏಳನೆಯದನ್ನು ಕೇಳುವ ಬಾಯಿ ಇರುವುದಿಲ್ಲ ಎಂದು ಬಲ್ಲಳು. ಏಪ್ರಿಲಿನ ಮೂರನೆಯ ಗುರುವಾರದ ಹೊತ್ತಿಗೆ ದಿಣ್ಣೆಯ ಬಿಸಿಲಿನ ಮಗ್ಗುಲು ಹಿಮ ಕರಗಿ ಕಪ್ಪಾಗಿತ್ತು. ಬೋರ್ಸೋಕ್ ಕರಿದಿಟ್ಟು, ಸಲಿಕೆಯ ಹಿಡಿಯೊಂದನ್ನು ಊರುಗೋಲು ಮಾಡಿಕೊಂಡು ಹೊರಟಳು. ಬಾಗಿಲುಗಳು ಒಂದೊಂದಾಗಿ ತೆರೆದವು. ಎರ್ಗೆಶ್‌ನ ಬಾಗಿಲ ಮುಂದೆಯೇ ದಾರಿ; ಅವನು ಅಂಗಳದಲ್ಲಿ ಜೀನು ಒರೆಸುತ್ತಿದ್ದ. ಬಳಸಿ ಹೋಗಲು ಕೆರೆಯ ಕಡೆಯಿಂದ ಇನ್ನೊಂದು ದಾರಿಯಿತ್ತು. ಊಲ್ಕನ್ ಮುಂದಿನಿಂದಲೇ ಹೋದಳು, ಸಲಾಮು ಹೇಳಿಯೇ ಹೋದಳು. ಅವನು ಜೀನು ಒರೆಸುತ್ತಲೇ ಇದ್ದ.

ಗೋರಿ ದಾಟಿದ ಮೇಲೆ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿ ನೋಡಿದರೆ ಪಾತ್ಮಾ, ಕಂಕುಳಲ್ಲಿ ಗೋಣಿಚೀಲ. ಸಗಣಿಗೆಂದು ಬಂದೆ, ಈ ಕಡೆ ಚೆನ್ನಾಗಿ ಒಣಗಿರುತ್ತದಂತೆ ಎಂದಳು. ಹಿಮ ಕರಗಿ ಎರಡು ದಿನವಾಗಿರುವಾಗ ಸಗಣಿ ಹೇಗೆ ಒಣಗಿರುತ್ತದೆ ಎಂದು ಕೇಳಿದಳು ಊಲ್ಕನ್. ಪಾತ್ಮಾ ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

"ನನ್ನ ಜೊತೆ ಬರೋ ಹಾಗಿದ್ರೆ ಚೀಲ ಇಲ್ಲೇ ಬಿಟ್ಟು ಬಾ," ಅಂದಳು ಊಲ್ಕನ್. "ಸಗಣಿಗೆ ಬಂದಿದ್ರೆ ನೀನು ಆ ಕಡೆ ಹೋಗು, ನಾನು ಈ ಕಡೆ ಹೋಗ್ತೀನಿ."

"ಬಿಟ್ಟು ಬರಬಹುದು ಎಜೆ," ಅಂದಳು ಪಾತ್ಮಾ, ಅಕ್ಕನನ್ನು ಕರೆಯುವಂತೆ. ನಾಲಿಗೆಯಿಂದ ಇಡೀ ಊರನ್ನು ಆಡಿಸುವವಳ ದನಿ ಅವತ್ತು ಶಾಲೆಗೆ ಸೇರಿಸಲು ಕರೆತಂದ ಹುಡುಗಿಯದಂತಿತ್ತು. "ಆದ್ರೆ ಕೈ ಏನು ಮಾಡ್ಲಿ?"

ಊಲ್ಕನ್‌ಗೆ ನಗು ಬರಲಿಲ್ಲ. ಮೊದಲ ಗುರುವಾರ ತನಗೂ ಅದೇ ಕಷ್ಟವಾಗಿತ್ತು. ಕೈಗಳು ಯಾರದೋ ಸಾಮಾನಿನಂತೆ ಎರಡೂ ಕಡೆ ನೇತಾಡಿದ್ದವು. ಬೀಸಿಕೊಂಡು ಬಾ, ಮೇಲೆ ಹೋಗುವಷ್ಟರಲ್ಲಿ ಅಭ್ಯಾಸವಾಗುತ್ತದೆ ಎಂದಳು. ಪಾತ್ಮಾ ಚೀಲವನ್ನು ಒಂದು ಕಲ್ಲಿನಡಿ ತುರುಕಿದಳು.

ಈಗ ಮೂವರು ಹೋಗುತ್ತಾರೆ. ಮೂರನೆಯವಳು ಶಾಲೆಯ ಅಡುಗೆಯವಳು, ಗಂಡ ಬೈದ ದಿನ ಬರುವುದಿಲ್ಲ, ಬೈಯದ ದಿನ ಬರುತ್ತಾಳೆ. ಮಿಕ್ಕ ಊರು ಈಗಲೂ ನಗುತ್ತದೆ. ಎರ್ಗೆಶ್ ಮದುವೆಮನೆಗಳಲ್ಲಿ ಊಲ್ಕನ್ ಎದುರಾದರೆ ಗೋಡೆಯ ಕಡೆ ನೋಡಿ ಕೆಮ್ಮುತ್ತಾನೆ, ಮಾಂಸದ ಪಾಲು ಇನ್ನೂ ಬಂದಿಲ್ಲ. ಕಳೆದ ಬೇಸಿಗೆಯಲ್ಲಿ ಮುರ್ಗಾಬ್‌ನ ಜೀಪಿನವನೊಬ್ಬ ಬಂದು, ಪರದೇಶಿಗಳನ್ನು ದಿಣ್ಣೆಗೆ ಕರೆದುಕೊಂಡು ಹೋಗು, ದಾರಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಒಳ್ಳೆಯ ಕೂಲಿ ಕೊಡಿಸುತ್ತೇನೆ ಎಂದ. ಊರಿನವರಿಗೆ ಕೊನೆಗೂ ಇದಕ್ಕೊಂದು ಅರ್ಥ ಸಿಕ್ಕಿದಂತಾಗಿ ಎಲ್ಲರೂ ಒಪ್ಪಿಕೋ ಎಂದರು. ಅವಳು ಸೊಸೆಯನ್ನು ಕಳಿಸಿದಳು, ಗುರುವಾರ ಬಿಟ್ಟು ಯಾವ ದಿನವಾದರೂ ಸರಿ ಎಂಬ ಕರಾರಿನ ಮೇಲೆ.

ಮೊನ್ನೆಯ ಗುರುವಾರ ಗಾಳಿ ಇರಲಿಲ್ಲ, ಅಡುಗೆಯವಳೂ ಬಂದಿರಲಿಲ್ಲ. ನೆತ್ತಿಯ ಮೇಲೆ ಬೆಚ್ಚಗಿನ ಕಲ್ಲುಹಾಸು ಸಿಕ್ಕಿತು. ಪಾತ್ಮಾ ಕೂತಲ್ಲೇ ಮಾತಾಡುತ್ತಾ ಮಾತಾಡುತ್ತಾ ಹಿಂದಕ್ಕೊರಗಿ, ಬಾಯಿ ತೆರೆದು ನಿದ್ದೆಹೋದಳು. ಹಗಲು ಹೊತ್ತಿನಲ್ಲಿ, ಆಕಾಶದ ಕೆಳಗೆ, ಕಾಯಿಲೆಯಿಲ್ಲದೆ ಮಲಗಿದ ಹೆಂಗಸನ್ನು ಊಲ್ಕನ್ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ನೆರಳು ಕೆರೆಯ ಅಂಚಿಗೆ ಸರಿಯಿತು. ಕೆಳಗೆ ಪಾತ್ಮಾಳ ಮನೆಯ ಮುಂದೆ ಹಸುಗಳು ಬಂದು ನಿಂತದ್ದು ಕಾಣಿಸಿತು, ಅವಳ ಗಂಡ ಅಂಗಳಕ್ಕೆ ಬಂದು ದಿಣ್ಣೆಯ ಕಡೆ ಮುಖ ಎತ್ತಿದ್ದೂ ಕಾಣಿಸಿತು. ಹಾಲು ಕರೆಯುವ ಹೊತ್ತು ಮೀರುತ್ತಿತ್ತು. ಊಲ್ಕನ್ ತನ್ನ ಶಾಲನ್ನು ಪಾತ್ಮಾಳ ಕಾಲ ಮೇಲೆ ಹೊದಿಸಿ ಅವಳ ಪಕ್ಕದಲ್ಲಿ ಕೂತಳು, ಎಬ್ಬಿಸಲಿಲ್ಲ.